ಸಂಬಂಧದ ಪಟ್ಟಿಯಲ್ಲಿ ಸಾಕಿದವಳು

ಜೈಲಿನಲ್ಲಿರುವವರನ್ನು ನೋಡಲು ಬರುವವರ ವಿವರ ದಾಖಲಿಸುವ ಸಾಫ್ಟ್‌ವೇರ್ ನಮ್ಮ ತಂಡ ಮಾಡಿದ್ದು. ಅದರಲ್ಲಿ ಸಂಬಂಧಗಳ ಪಟ್ಟಿ ಬರೆದವಳು ನಾನು. ಕುರುಗೋಡಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಒಂದು ಭಾನುವಾರ ಅವ್ವ ಮಂಡಕ್ಕಿ ಒಗ್ಗರಣೆ ಹಾಕಿ ತರುವಷ್ಟರಲ್ಲಿ ಮುಗಿಸಿದ್ದೆ. ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು, ವಕೀಲರು, ಸ್ನೇಹಿತರು, ಕೊನೆಗೆ ‘ಇತರೆ’. ಈ ಪಟ್ಟಿಯೊಳಗೆ ಎಲ್ಲರೂ ಬಂದುಬಿಡುತ್ತಾರೆ ಎಂದುಕೊಂಡಿದ್ದೆ.

ಬಳ್ಳಾರಿ ಜೈಲಿನಲ್ಲಿ ಅದರ ಪ್ರಯೋಗ ಶುರುವಾಯಿತು. ಬಂದವರ ಆಧಾರ್ ನೋಡಿ, ಫೋಟೊ ತೆಗೆದು, ಯಾರನ್ನು ನೋಡಬೇಕು, ಅವರಿಗೆ ಏನಾಗಬೇಕು ಎಂದು ತುಂಬಿದರೆ ಒಂದು ಚೀಟಿ ಬರುತ್ತಿತ್ತು. ಅದಿದ್ದರೆ ಮಾತ್ರ ಒಳಗೆ ಬಿಡುತ್ತಿದ್ದರು. ಮೊದಲ ತಿಂಗಳು ಕೌಂಟರಿನಲ್ಲಿ ನಾನೇ ಕೂತೆ.

ಎರಡನೇ ದಿನವೇ ಸಿರುಗುಪ್ಪ ಕಡೆಯ ಕರೂರಿನಿಂದ ಒಬ್ಬ ಮುದುಕಿ ಬಂದಳು. ಭತ್ತದ ಗದ್ದೆಗಳಲ್ಲಿ ಕೂಲಿ ಮಾಡುವವಳು. ಹೊಡೆದಾಟದ ಕೇಸಿನಲ್ಲಿ ಒಳಗಿದ್ದ ಹುಡುಗನೊಬ್ಬನನ್ನು ನೋಡಬೇಕಾಗಿತ್ತು.

“ಅವ ನಿಮಗೇನಾಗಬೇಕ್ರಿ?” ಎಂದೆ.

“ಏನೂ ಆಗಬೇಕಿಲ್ಲ. ಅವರದು ನಮ್ಮ ಬಾಜು ಮನಿ. ಅವರವ್ವ ಹಡೆದು ಸತ್ತಳು. ನಾನು ಸಾಕೀನಿ.”

“ಹಂಗಾರ ಸ್ನೇಹಿತರು ಅಂತ ಹಾಕ್ಲೇನ್ರಿ?”

ಆಕೆ ನಕ್ಕುಬಿಟ್ಟಳು. “ಅವನ ಕುಂಡಿ ತೊಳದಾಕಿ ನಾನು. ಗೆಳತಿ ಅಂತೀಯೇನು ತಂಗಿ?”

ಸಾಲಿನಲ್ಲಿದ್ದವರೂ ನಕ್ಕರು. ನಾನು ಪಟ್ಟಿಯ ಕೊನೆಗೆ ಬಂದೆ. “ಇತರೆ ಅಂತ ಐತ್ರಿ.”

“ಇತರೆ ಅಂದ್ರ ಯಾರು?”

“ಈ ಪಟ್ಟಿಯೊಳಗ ಇಲ್ಲದೋರು.”

ಆಕೆಯ ನಗು ನಿಂತಿತು. “ಇಲ್ಲದಾಕಿ ಇಷ್ಟು ದೂರ ಬಂದು ನಿಂತಾಳೇನು?”

ನಾನು ಪಟ್ಟಿಯನ್ನು ಮತ್ತೆ ಮೇಲಿನಿಂದ ನೋಡತೊಡಗಿದೆ. “ಏನರ ಹಾಕು, ಹಿಂದ ಮಂದಿ ಅದಾರ,” ಎಂದು ಆಕೆಯೇ ದಾರಿ ತೋರಿಸಿದಳು. ‘ಇತರೆ’ ಎಂದು ಹಾಕಿ ಚೀಟಿ ಕೊಟ್ಟೆ.

ಮರುದಿನ ಎರಡು ಪುಟದ ಮನವಿ ಬರೆದುಕೊಂಡು ಜೈಲಿನ ಮೇಲಧಿಕಾರಿಯ ಮುಂದೆ ನಿಂತೆ. ಪಟ್ಟಿಗೆ ‘ಸಾಕಿದವರು’ ಎಂದು ಸೇರಿಸಬೇಕೆಂಬುದೇ ಅದರ ಸಾರ. ಅವರು ಪೂರ್ತಿ ಓದಿದರು.

“ಸೇರಿಸಾಕ ಎಷ್ಟೊತ್ತು ಬೇಕ್ರಿ?”

“ಐದು ನಿಮಿಷ ಸರ್.”

“ಬರಿಯಾಕ?”

“ರಾತ್ರಿಯೆಲ್ಲಾ ಹಿಡೀತು ಸರ್.”

ಅವರು ನಗುತ್ತಾ ಸಹಿ ಹಾಕಿದರು.

ಹದಿನೈದು ದಿನದ ಮೇಲೆ ಮುದುಕಿ ಮತ್ತೆ ಬಂದಳು. ಚೀಟಿಯನ್ನು ಆಕೆಗೆ ಓದಿ ಹೇಳಿದೆ: “ಸಂಬಂಧ, ಸಾಕಿದವರು.” ಇನ್ನೊಮ್ಮೆ ಓದು ಎಂದಳು. ಓದಿದೆ. ಹಿಂದೆ ನಿಂತಿದ್ದ ಹೆಂಗಸಿನ ಕಡೆ ತಿರುಗಿ, “ಕಂಪ್ಯೂಟರಿನ್ಯಾಗ ಬಂದೈತಿ,” ಎಂದಳು. ಆ ಹೆಂಗಸು ಚೀಟಿ ಇಸಕೊಂಡು ತಾನೂ ಓದಿದಳು.

ಕೊಯ್ಲು ಹತ್ತಿರ ಬಂದಾಗ ಬಳ್ಳಾರಿಗೆ ಬಂದರೆ ಆಕೆಯ ಒಂದು ದಿನದ ಕೂಲಿ ಹೋಗುತ್ತಿತ್ತು. ಸಿರುಗುಪ್ಪದ ಕಂಪ್ಯೂಟರ್ ಸೆಂಟರಿನಿಂದಲೇ ವಿಡಿಯೊದಲ್ಲಿ ಮಾತಾಡಬಹುದು ಎಂದು ಅಧಿಕಾರಿಗಳನ್ನೂ ಆಕೆಯನ್ನೂ ಒಪ್ಪಿಸಿದೆ. ಅಲ್ಲಿ ಅದು ಮೊದಲ ದಿನವಾದ್ದರಿಂದ ನಾನೂ ಹೋಗಿದ್ದೆ. ಆಕೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಸೆರಗಿನಲ್ಲಿ ಒಂದು ಭತ್ತದ ತೆನೆ ಕಟ್ಟಿಕೊಂಡು ಬಂದಿದ್ದಳು.

ಪರದೆಯ ಮೇಲೆ ಹುಡುಗ ಕಂಡ. ಆಕೆ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು.

“ಮಾತಾಡ್ರಿ, ಕೇಳಸ್ತೈತಿ,” ಎಂದೆ.

ಆಕೆ ಸೆರಗಿನಿಂದ ತೆನೆ ಬಿಚ್ಚಿ ಕ್ಯಾಮೆರಾದ ಮುಂದೆ ಹಿಡಿದಳು. ಹುಡುಗ ಮುಂದೆ ಬಾಗಿದ. “ಕಾಳು ಗಟ್ಟಿ ಆಗೇತಿ. ಯಾರ ಹೊಲದ್ದು ಯವ್ವಾ?”

ಅಷ್ಟರಲ್ಲಿ ಅವನ ಹಿಂದೆ ಕಾವಲಿಗಿದ್ದ ವಾರ್ಡರ್ ಮುಖವೂ ಪರದೆಯೊಳಗೆ ಬಂತು. ಅವರು ಮೋಕಾ ಊರಿನ ಕಡೆಯ ರೈತರ ಮನೆಯವರು. “ಯಮ್ಮಾ, ಸ್ವಲ್ಪ ಮ್ಯಾಲ ಹಿಡೀರಿ. ಸೋನಾ ಮಸೂರಿನೇನು ಇದು?”

ಅಲ್ಲಿಂದ ಮೂವರೂ ನೀರು, ಹುಳ, ಕೊಯ್ಯುವ ಮಿಷನ್ನು ಎಂದು ಮಾತಿಗಿಳಿದರು. ಸಮಯ ಮುಗಿದು ಪರದೆ ತಾನಾಗಿ ಆರಿದಾಗ ಹುಡುಗ ಏನೋ ಹೇಳುತ್ತಿದ್ದ.

“ಮಾತು ಅರ್ಧಕ್ಕ ನಿಂತಿತಲ್ಲ,” ಎಂದಳು ಮುದುಕಿ. “ಮುಂದಿನ ವಾರದ್ದು ಈಗಲೇ ಬರಕೊ, ತಂಗಿ.”

ಬರೆದುಕೊಂಡೆ. ಆಕೆ ಕರೂರಿನ ಬಸ್ಸಿಗೆ ಹೊರಟಳು.