ಮೋನಪ್ಪಣ್ಣನಿಗೂ ಒಂದು ಹೇಳಿಕೆ

ಬಸ್ಸು ನಮ್ಮನ್ನು ಇಳಿಸಿ ತಿರುವಿನಲ್ಲಿ ಮರೆಯಾಯಿತು. ರಸ್ತೆ ಬದಿಯಲ್ಲಿ ನಾನು, ನನ್ನ ಗಂಡ, ಎರಡು ಟ್ರಂಕು, ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿಯ ಗಂಟು. ಎದುರಿಗೆ ಒಂದು ತಂಗುದಾಣ, ಒಂದು ದಿನಸಿ ಅಂಗಡಿ, ಒಂದು ಸಣ್ಣ ಹೋಟೆಲು. ಅದರಾಚೆ ಬರೀ ಗುಡ್ಡ, ತೋಟ, ರಬ್ಬರ್ ಮರ. ಗದಗಿನ ಕಡೆಯಿಂದ ಹೊರಟು ಉಪ್ಪಿನಂಗಡಿಯಲ್ಲೊಮ್ಮೆ, ಪುತ್ತೂರಿನಲ್ಲೊಮ್ಮೆ ಬಸ್ಸು ಬದಲಿಸಿ ಬಂದಿದ್ದೆವು. ಮೈ ಕೈ ನುಗ್ಗಾಗಿತ್ತು.

"ಊರು ಎಲ್ಲೈತ್ರೀ?" ಎಂದು ಅಂಗಡಿಯವರನ್ನು ಕೇಳಿದೆ.

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಇದೇ ಊರು ಮಾರಾಯ್ರೆ. ನೀವು ನಿಂತದ್ದು ಊರಲ್ಲೇ."

ನಾನು ಸುತ್ತ ನೋಡಿದೆ. ಓಣಿಯಿಲ್ಲ, ಅಗಸಿ ಬಾಗಿಲಿಲ್ಲ, ಜನ ಕೂತ ಕಟ್ಟೆಯಿಲ್ಲ. ಮನೆಗಳು ಇವೆಯಂತೆ, ಆದರೆ ಒಂದಕ್ಕೊಂದು ಕಾಣುವುದಿಲ್ಲ. ಒಂದು ಗುಡ್ಡದ ಸಂದಿಯಲ್ಲಿ ಒಂದು, ಇನ್ನೊಂದು ತೋಟದ ಕೊನೆಯಲ್ಲಿ ಇನ್ನೊಂದು. ನಮ್ಮ ಕಡೆ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿರುತ್ತವೆ, ಪಕ್ಕದ ಮನೆಯ ಒಗ್ಗರಣೆಗೆ ನಾವು ಸೀನುತ್ತೇವೆ. ಇಲ್ಲಿ ಪಕ್ಕದ ಮನೆಗೆ ಹೋಗಬೇಕಾದರೆ ಚಪ್ಪಲಿ ಹಾಕಿಕೊಂಡು ಹೊರಡಬೇಕು.

ಗಂಡ ಬಸವರಾಜ ಸರಕಾರಿ ಶಾಲೆಯ ಮಾಸ್ತರ. ಸುಳ್ಯ ತಾಲೂಕಿನಲ್ಲಿ, ಐವರ್ನಾಡಿನಿಂದ ಒಂದಷ್ಟು ಒಳಗಿರುವ ಈ ಶಾಲೆಗೆ ಅವನ ನೇಮಕವಾಗಿತ್ತು. ನನಗೆ ಸಂಬಳದ ಕೆಲಸವಿಲ್ಲ. ಆದರೆ ಕೆಲಸವಿಲ್ಲ ಎಂದರೆ ಅವ್ವನೇ ನಗುತ್ತಾಳೆ. ಊರಲ್ಲಿ ನಾನು ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ನೀರಿಗೆ, ರೇಷನ್ನಿಗೆ, ಕೂಲಿಗೆ ಜಗಳ ತೆಗೆದವಳು. ಕಟ್ಟೆಯ ಮೇಲೆ ನಿಂತು "ಎಲ್ಲಾರೂ ಬರ್ರಿ" ಎಂದು ಒಮ್ಮೆ ಕೂಗಿದರೆ ಸಾಕು, ರೊಟ್ಟಿ ಬಡಿಯುತ್ತಿದ್ದವರು ಹಿಟ್ಟಿನ ಕೈಯಲ್ಲೇ ಬರುತ್ತಿದ್ದರು. ಕೂಗಲು ಕಟ್ಟೆಯೇ ಇಲ್ಲದ ಊರಿನಲ್ಲಿ ಸಂಘ ಕಟ್ಟುವುದು ಹೇಗೆ ಎಂಬ ಕುತೂಹಲ, ನಾವು ಬಂದಿಳಿದ ದಿನವೇ ನನ್ನ ತಲೆ ಹೊಕ್ಕಿತು.

ಬಾಡಿಗೆ ಮನೆ ಸಿಕ್ಕಿದ್ದು ಪದ್ಮಕ್ಕನ ಮನೆಯ ಹಿಂಭಾಗದಲ್ಲಿ. ಪದ್ಮಕ್ಕ ಮನೆಯವರೊಡನೆ ಅರೆಭಾಷೆ, ಕೆಲಸದವರೊಡನೆ ತುಳು, ಮೀನಿನವರೊಡನೆ ಬ್ಯಾರಿ, ನನ್ನೊಡನೆ ಕನ್ನಡ ಮಾತಾಡುವವರು. ನನಗಿದ್ದದ್ದು ಒಂದೇ ಭಾಷೆ, ಅದೂ ಇಲ್ಲಿಯವರಿಗೆ ಜಗಳದಂತೆ ಕೇಳುತ್ತಿತ್ತು. ಮೊದಲ ವಾರ ನಾನು "ಉಪ್ಪು ಐತೇನ್ರೀ?" ಎಂದು ಕೇಳಿದ ದನಿಗೆ ಅವರ ಅತ್ತೆ ಒಳಗಿನಿಂದ ಓಡಿ ಬಂದಿದ್ದರು. ಜೋಳದ ಹಿಟ್ಟು ಹುಡುಕಿ ಸುಳ್ಯ ಪೇಟೆ ಅಲೆದೆ. ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯಲು ಒಂದು ಮಳೆಗಾಲವೇ ಬೇಕಾಯಿತು. ಈಗ ಊರಿಗೆ ಹೋದಾಗ ಬೆಳ್ಳನೆ ಅನ್ನ ಸಪ್ಪೆ ಎನಿಸುತ್ತದೆ, ಅವ್ವನ ಎದುರು ಹೇಳುವ ಧೈರ್ಯವಿಲ್ಲ. ಒಂಟಿತನ ಮಾತ್ರ ಬಹಳ ಕಾಡಿತು. ಸಂಜೆ ಆರರ ನಂತರ ಮನುಷ್ಯರ ದನಿಯೇ ಕೇಳದ ಜಾಗದಲ್ಲಿ ನಾನು ಕೂತು ಅತ್ತದ್ದುಂಟು.

ನಮ್ಮನ್ನು ಇಲ್ಲಿ 'ಗಟ್ಟದವರು' ಎನ್ನುತ್ತಾರೆ, ಅಂದರೆ ಘಟ್ಟದ ಮೇಲಿನಿಂದ ಬಂದವರು. ನಾನು ಹೆಣ್ಣುಮಕ್ಕಳ ಸಂಘದ ಮಾತೆತ್ತಿದ ಮೇಲೆ ಇನ್ನೊಂದು ಹೆಸರೂ ಬಂತು, 'ಕೆಂಪು ಬಾವುಟದವಳು'. ಜಂಕ್ಷನ್ನಿನಲ್ಲಿ ಬೇರೆ ಬಣ್ಣದ ಬಾವುಟ ಕಟ್ಟಿಕೊಂಡು ಕೂರುವ ಯುವಕರು ಗಂಡನನ್ನು ನಿಲ್ಲಿಸಿ, "ಮಾಷ್ಟ್ರೇ, ನೀವು ಪಾಪ ಒಳ್ಳೆಯವರು. ನಿಮ್ಮ ಮಿಸೆಸ್ಸಿಗೆ ಸ್ವಲ್ಪ ಹೇಳಿ" ಎಂದರಂತೆ. ಗಂಡ, "ನಾ ಹೇಳಿ ನೋಡೇನ್ರೀ, ಆಕಿ ಕೇಳಂಗಿಲ್ಲ" ಎಂದು ಸೈಕಲ್ ತುಳಿದನಂತೆ. ಅವರಲ್ಲೇ ಇಬ್ಬರು ಮರುದಿನ ಬೆಳಿಗ್ಗೆ ಒಬ್ಬ ಕಾಯಿಲೆಯ ಮನುಷ್ಯನನ್ನು ಕುರ್ಚಿಯಲ್ಲಿ ಕೂರಿಸಿ ಗುಡ್ಡದಿಂದ ಹೊತ್ತು ತರುವುದನ್ನು ಕಂಡೆ. ಬೆವರು ಒರೆಸಿಕೊಂಡು ನನಗೆ ನಮಸ್ಕಾರವನ್ನೂ ಹೇಳಿದರು. ಈ ಊರನ್ನು ಅರ್ಥಮಾಡಿಕೊಳ್ಳುವುದು ನಾನೆಣಿಸಿದಷ್ಟು ಸುಲಭವಲ್ಲ ಎಂದು ಆಗ ಅನಿಸಿತು.

ಕುರ್ಚಿಯಲ್ಲಿದ್ದವರು ಬಾಬು. ಮೂತ್ರಪಿಂಡ ಸೋತು, ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಸುಳ್ಯದಲ್ಲಿ ಡಯಾಲಿಸಿಸ್. ಅವರ ಹೆಂಡತಿ ಸುಂದರಿ ಬೀಡಿ ಕಟ್ಟುವವರು. ಗುಡ್ಡದ ಮೇಲಿನ ಕಾಲನಿಯಲ್ಲಿ ಅವರ ಮನೆ. ದಲಿತ ಕುಟುಂಬಗಳಷ್ಟೇ ಇರುವ ಆ ಕಾಲನಿಗೆ ರಸ್ತೆಯಿಲ್ಲ. ಬಾಳೆಹಿತ್ಲು ಮನೆಯ ಮೋನಪ್ಪಣ್ಣನ ತೋಟದ ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದು, ತೋಡಿಗೆ ಅಡ್ಡಲಾಗಿ ಅಡಿಕೆ ಮರ ಹಾಕಿದ ಸಂಕ ದಾಟಿ ಬರಬೇಕು. ತೋಡು ಎಂದರೆ ಹಳ್ಳ, ಸಂಕ ಎಂದರೆ ಕಾಲುಸೇತುವೆ. ಮಳೆಯಲ್ಲಿ ಅದರ ಮೇಲೆ ಕುರ್ಚಿ ಹೊತ್ತವರ ಕಾಲು ಒಮ್ಮೆ ಜಾರಿತ್ತು. ಬಾಬು ತೋಡಿಗೆ ಬೀಳದಿದ್ದದ್ದೇ ಪುಣ್ಯ. ಅಂದಿನಿಂದ ಅವರು, "ನನ್ನನ್ನು ಇನ್ನು ಹೊರುದು ಬೇಡ, ಮನೆಯಲ್ಲೇ ಇರ್ತೇನೆ" ಎಂದು ಹಟ ಹಿಡಿದಿದ್ದರು. ಮನೆಯಲ್ಲೇ ಇದ್ದರೆ ಏನಾಗುತ್ತದೆಂದು ಸುಂದರಿಗೆ ಗೊತ್ತಿತ್ತು, ಪ್ರತಿ ಸಲ ಕಾಡಿಬೇಡಿ ಹೊರಡಿಸುತ್ತಿದ್ದರು.

"ಆಟೋ ಬರುವಷ್ಟು ದಾರಿ ಬಿಡಿ ಅಂತ ಮೋನಪ್ಪಣ್ಣನನ್ನು ಕೇಳಿದ್ದೀರಾ?" ಎಂದು ಸುಂದರಿಯನ್ನು ಕೇಳಿದೆ.

"ಕೇಳುದು ಹೇಗೆ ಅಕ್ಕ? ಅವರ ಅಂಗಳದಲ್ಲಿ ನಿಂತು ಕೇಳುದಾ?"

ನನಗೆ ರಕ್ತ ಕುದಿಯಿತು. ಸಭೆ ಕರೆಯೋಣ, ಪಂಚಾಯಿತಿಗೆ ಅರ್ಜಿ ಹಾಕೋಣ ಎಂದೆ. ನನಗೆ ಗೊತ್ತಿದ್ದ ದಾರಿಯಲ್ಲೇ ಹೊರಟೆ. ಆಟೋಗೆ ಮೈಕ್ ಕಟ್ಟಿಸಿ ಊರಿಡೀ ಸುತ್ತಿದೆ. ಕಟ್ಟೆಯಿಲ್ಲದಿದ್ದರೇನು, ದನಿ ಗುಡ್ಡ ಹತ್ತುತ್ತದಲ್ಲ! ಕರಪತ್ರ ಹಂಚಿದೆ. ದಾರಿಯಲ್ಲಿ ಸಿಕ್ಕವರೆಲ್ಲ ನಗುತ್ತಾ, "ಬರುವ, ಬರುವ" ಎಂದರು. ಭಾನುವಾರ ಯುವಕ ಮಂಡಲದ ಹಾಲಿನಲ್ಲಿ ಕುರ್ಚಿ ಜೋಡಿಸಿ ಕೂತೆ. ಸುಂದರಿ ಬಂದರು. ಇನ್ನೊಂದು ನರಪಿಳ್ಳೆಯೂ ಬರಲಿಲ್ಲ. ನಾವಿಬ್ಬರೂ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಮನೆಗೆ ಬಂದೆವು.

ಹೆದರಿದ್ದಾರೆ, ಗುಲಾಮರು, ಎಂದೆಲ್ಲ ಪದ್ಮಕ್ಕನ ಎದುರು ಹಾರಾಡಿದೆ. ಅವರು ಹಲಸಿನ ಬೀಜ ಸುಲಿಯುತ್ತಿದ್ದರು.

"ನೀವು ಹೇಳಿಕೆ ಕೊಟ್ಟಿದ್ದೀರಾ?"

"ಮೈಕಿನಾಗ ಹೇಳೇನಲ್ರೀ!"

"ಮೈಕದಲ್ಲಿ ಹೇಳುದು ಹೇಳಿಕೆಯಾ? ಮೈಕದಲ್ಲಿ ಹಳೇ ಕಬ್ಬಿಣದವನೂ ಹೇಳ್ತಾನೆ. ಮನೆಗೆ ಬಂದು ಹೇಳ್ಬೇಕು ಮಾರಾಯ್ತಿ. ಕರೆಯದೆ ಹೋಗ್ಲಿಕ್ಕೆ ಜನರಿಗೆ ಮರ್ಯಾದೆ ಇಲ್ವಾ?"

ಇಲ್ಲಿ ಹೇಳಿಕೆ ಎಂದರೆ ಮನೆಗೇ ಹೋಗಿ ಬಾಯಿಮಾತಿನಲ್ಲಿ ಕೊಡುವ ಕರೆ. ಮದುವೆಯಿರಲಿ, ಗೃಹಪ್ರವೇಶವಿರಲಿ, ಕಾಗದ ಎಷ್ಟೇ ಚೆನ್ನಾಗಿ ಅಚ್ಚಾಗಿರಲಿ, ಬಂದು ಕೂತು ಹೇಳದಿದ್ದರೆ ಅದು ಲೆಕ್ಕಕ್ಕಿಲ್ಲ. ಮನೆಗಳು ಇಷ್ಟು ದೂರ ದೂರ ಇರುವಾಗ ಯಾರಾದರೂ ಗುಡ್ಡ ಹತ್ತಿ ಬಂದು ಕರೆದರು ಎಂಬುದಕ್ಕೇ ಬೆಲೆ ಎಂದು ನನಗೆ ನಿಧಾನವಾಗಿ ಹೊಳೆಯಿತು.

ಸುಂದರಿಯೂ ನಾನೂ ಹೊರಟೆವು. ಅವರು ಹೇಳಿಕೊಟ್ಟಂತೆ ಕಲಿತೆ. ಮೊದಲು ಕೂರಬೇಕು. ಬೆಲ್ಲ ನೀರು ಕೊಟ್ಟರೆ ಬೇಡ ಎನ್ನಬಾರದು. ಮಳೆ, ಅಡಿಕೆಯ ರೋಗ, ಮಕ್ಕಳ ಪರೀಕ್ಷೆ ಎಲ್ಲ ಮಾತಾಡಬೇಕು. ಬಂದ ವಿಷಯ ಹೇಳಬೇಕಾದದ್ದು ಆಮೇಲೆ. ನನಗೆ ಮೊದಮೊದಲು ಅಂಗಾಲಿಗೆ ಬೆಂಕಿ ಹತ್ತಿದಂತಾಗುತ್ತಿತ್ತು. ನಾಲ್ಕಾರು ಮನೆಯಾದ ಮೇಲೆ ರುಚಿ ಹತ್ತಿತು. ಒಬ್ಬೊಬ್ಬರ ಜಗಲಿಯಲ್ಲಿ ಕೂತು, ಗದಗಿನ ಕಟ್ಟೆಯ ಮೇಲೆ ವರ್ಷವಿಡೀ ಕೂಗಿದರೂ ತಿಳಿಯದಷ್ಟು ಸಂಗತಿ ತಿಳಿದೆ.

ಆದರೆ ಎಲ್ಲ ಮನೆಯಲ್ಲೂ, ಕಾಲನಿಯಲ್ಲಿ ಸಹ, ಹೊರಡುವಾಗ ಒಂದೇ ಪ್ರಶ್ನೆ. "ಮೋನಪ್ಪಣ್ಣನಿಗೆ ಹೇಳಿದ್ದೀರಾ?"

"ಯಾರ ವಿರುದ್ಧ ಸಭೆಯೋ ಅವರನ್ನೇ ಕರೆಯುವುದಾ?" ದಾರಿಯಲ್ಲಿ ಸುಂದರಿಗೆ ಸಿಡುಕಿದೆ. ನಮ್ಮ ಕಡೆಯಾದರೆ ಅಂಥವರ ಮನೆಗೆ ಘೇರಾವ್ ಹಾಕಲು ಹೋಗುತ್ತೇವೆಯೇ ಹೊರತು ಕರೆಯಲು ಹೋಗುವುದಿಲ್ಲ.

ಸುಂದರಿ ನಿಂತರು. "ಅವರಿಗೆ ಹೇಳದೆ ನಾವು ಕೂತರೆ ಕದ್ದು ಕೂತ ಹಾಗೆ ಅಕ್ಕ. ನಮ್ಮ ದಾರಿ ಕೇಳ್ಲಿಕ್ಕೆ ನಾವ್ಯಾಕೆ ಕದಿಯುದು?"

ನಾನು ಅದನ್ನು ಅಂಜಿಕೆ ಎಂದುಕೊಂಡಿದ್ದೆ.

ಬಾಳೆಹಿತ್ಲಿನ ಅಂಗಳಕ್ಕೆ ಕಾಲಿಟ್ಟಾಗ ಮೋನಪ್ಪಣ್ಣ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ನೋಡಲು ನಮ್ಮ ದೊಡ್ಡಪ್ಪನಂತೆಯೇ ಇದ್ದರು. ಅದೂ ನನಗೆ ಸಿಟ್ಟು ತರಿಸಿತು, ಹಲ್ಲು ಮಸೆಯಲು ಒಂದು ಕೆಟ್ಟ ಮುಖವಾದರೂ ಬೇಡವೇ? "ಓ, ಮಾಷ್ಟ್ರ ಮನೆಯವರು. ಬನ್ನಿ, ಕೂತುಕೊಳ್ಳಿ" ಎಂದು ನನಗೆ ಕುರ್ಚಿ ತೋರಿಸಿದರು. ಸುಂದರಿಯ ಕಡೆ ನೋಡಲಿಲ್ಲ. ಸುಂದರಿ ಈ ಮನೆಯ ಅಡಿಕೆ ಸುಲಿದವರು, ಅಂಗಳ ಗುಡಿಸಿದವರು. ಜಗಲಿ ಹತ್ತಿದವರಲ್ಲ.

ನಾನು ಕೂರಲಿಲ್ಲ. ಏನಾದರೂ ಹೇಳಿಬಿಡಬೇಕು ಎನ್ನುವಷ್ಟರಲ್ಲಿ ಸುಂದರಿಯೇ ಹೇಳಿದರು, ಮೆತ್ತಗೆ, "ನಾನು ಹೇಳಿಕೆಗೆ ಬಂದದ್ದು."

ಮೋನಪ್ಪಣ್ಣ ಕನ್ನಡಕ ತೆಗೆದರು. ಹೇಳಿಕೆಗೆ ಬಂದವರನ್ನು ಕೂರಿಸದೆ, ನೀರು ಕೊಡದೆ ಕಳಿಸುವುದು ಈ ಸೀಮೆಯಲ್ಲಿ ಮನೆಗೇ ಅವಮಾನ. ಆದರೆ ಹೇಳಿಕೆಗೆ ಬಂದವರು ಸುಂದರಿ. ಆ ಎರಡರ ನಡುವೆ ಅವರು ಸಿಕ್ಕಿಬಿದ್ದದ್ದು ಮುಖದಲ್ಲೇ ಕಂಡಿತು. ಒಳಗಿನಿಂದ ಅವರ ಹೆಂಡತಿ ಬಂದರು. ತಟ್ಟೆಯಲ್ಲಿ ಬೆಲ್ಲ, ಎರಡು ಲೋಟ ನೀರು. ತಂದದ್ದನ್ನು ಜಗಲಿಯ ಬೆಂಚಿನ ಮೇಲೆ ಇಟ್ಟು, ಗಂಡನ ಮುಖ ನೋಡದೆ, "ಮೇಲೆ ಬಾ ಸುಂದರಿ" ಎಂದರು.

"ಕೂತ್ಕೋ" ಎಂದರು ಮೋನಪ್ಪಣ್ಣ, ಪೇಪರು ಮಡಚಿ.

ಸುಂದರಿ ಮೆಟ್ಟಿಲು ಹತ್ತಿ ಬೆಂಚಿನ ತುದಿಯಲ್ಲಿ ಕೂತರು. ಬೆಲ್ಲ ಬಾಯಿಗೆ ಹಾಕಿಕೊಂಡರು, ನೀರು ಕುಡಿದರು, ಮಳೆಯ ಮಾತಾಡಿದರು. ಕೊನೆಗೆ ಎದ್ದು, "ಆದಿತ್ಯವಾರ ಮಂಡಲದ ಹಾಲಿನಲ್ಲಿ ಸಭೆ ಉಂಟು. ನಮ್ಮ ದಾರಿಯ ವಿಷಯ. ನೀವು ಬರ್ಬೇಕು" ಎಂದರು. ನಾನು ಎಷ್ಟೋ ಮೆರವಣಿಗೆ ನೋಡಿದ್ದೇನೆ, ಜೈಕಾರ ಹಾಕಿದ್ದೇನೆ. ಇಷ್ಟು ಮೆತ್ತಗೆ ಹೇಳಿದ ಇಷ್ಟು ಗಟ್ಟಿ ಮಾತು ಕೇಳಿರಲಿಲ್ಲ.

ಭಾನುವಾರ ಹಾಲ್ ತುಂಬಿತು. ಮೋನಪ್ಪಣ್ಣ ಬಂದರು, ಬಾವುಟದ ಯುವಕರೂ ಬಂದು ಬಾಗಿಲ ಬಳಿ ನಿಂತರು. ಯಾರೂ ದನಿ ಏರಿಸಲಿಲ್ಲ. ಕುರ್ಚಿ ಹೊರುವವನೊಬ್ಬ, "ಸಂಕದಲ್ಲಿ ನನ್ನದೇ ಕಾಲು ಜಾರಿದ್ದು" ಎಂದ. ಅದನ್ನು ಕೇಳಿ ಮೋನಪ್ಪಣ್ಣ, "ಆಟೋ ಹೋಗುವಷ್ಟು ಬಿಡ್ತೇನೆ. ಆದರೆ ಪಂಚಾಯಿತಿ ಅರ್ಜಿ, ನಿಮ್ಮ ಸಂಘದ ಹೆಸರು, ಅದೆಲ್ಲ ಬೇಡ. ಊರಿನವರು ಮಾಡಿದ್ದು ಅಂತ ಇರ್ಲಿ" ಎಂದರು.

ನಾನು ತಟ್ಟನೆ ಎದ್ದು ನಿಂತೆ. ಹಕ್ಕಾಗಿ ಬರಬೇಕಾದದ್ದನ್ನು ದಾನವಾಗಿ ಪಡೆಯುವುದೇ? ಸುಂದರಿ ನನ್ನ ಸೆರಗು ಜಗ್ಗಿದರು. "ನಿಮಗೆ ಹಕ್ಕು ಬೇಕು ಅಕ್ಕ. ನನಗೆ ಸೋಮವಾರ ಗಾಡಿ ಬೇಕು." ನಾನು ಕೂತೆ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಅವರು ಹೇಳಿದ್ದು ಸರಿ ಎಂದೂ ಅನಿಸುತ್ತದೆ, ನಾನು ಎದ್ದದ್ದು ತಪ್ಪಲ್ಲ ಎಂದೂ ಅನಿಸುತ್ತದೆ.

ಊರವರು ಶ್ರಮದಾನ ಮಾಡಿ ಮಣ್ಣು ಹಾಕಿದರು, ತೋಡಿಗೆ ಮೋರಿ ಕೂರಿಸಿದರು. ಬಾಬು ಆಟೋದಲ್ಲಿ ಕೂತು ಇಳಿದ ಬೆಳಿಗ್ಗೆ ಎಲ್ಲರೂ ಫೋಟೋಕ್ಕೆ ನಿಂತರು. ತೆಗೆದವಳು ನಾನು. 'ಊರಿನವರ ಸಹಕಾರದಿಂದ' ಎಂದು ಅದು ವಾಟ್ಸಾಪಿನಲ್ಲಿ ಹರಿದಾಡಿತು. ಗದಗಿನ ಗೆಳತಿಯರು, "ಗೆದ್ದಿಯಲ್ಲ!" ಎಂದರು. ಯಾರು ಗೆದ್ದರು ಎಂದು ಅವರಿಗೆ ವಿವರಿಸಲು ನನಗೆ ಬರಲಿಲ್ಲ.

ಕಳೆದ ವಾರ ಬಾಬುವನ್ನು ಕರೆದುಕೊಂಡು ಸುಳ್ಯದಿಂದ ಬರುತ್ತಿದ್ದ ಸುಂದರಿ ನಮ್ಮ ಮನೆಯೆದುರು ಆಟೋ ನಿಲ್ಲಿಸಿದರು.

"ಮೋನಪ್ಪಣ್ಣ ಇರುವವರೆಗೆ ಸರಿ ಅಕ್ಕ. ನಾಳೆ ಅವರ ಮಕ್ಕಳು ಗೇಟು ಹಾಕಿದ್ರೆ? ದಾರಿ ಪಂಚಾಯಿತಿಗೆ ಸೇರ್ಬೇಕು. ಅರ್ಜಿ ಬರೆಯುವ."

ನಾನು ಖುಷಿಯಿಂದ ಏನೋ ಹೇಳಲು ಹೊರಟೆ. ಅವರು ತಡೆದರು. "ಮಾಷ್ಟ್ರು ಗದಗಕ್ಕೆ ವರ್ಗ ಕೇಳ್ತಾರಂತಲ್ಲ. ಹೋಗುದಾದ್ರೆ ಈಗಲೇ ಹೇಳಿ. ನಾವು ಬೇರೆ ಯಾರನ್ನಾದ್ರೂ ನೋಡ್ಬೇಕು."

ವರ್ಗಾವಣೆಗೆ ಅರ್ಜಿ ಹಾಕುವ ಮಾತು ಇಲ್ಲಿ ನಮ್ಮ ಅಡುಗೆಮನೆಯಲ್ಲಷ್ಟೇ ಆಗಿತ್ತು, ಗೋಡೆಯಾಚೆಯ ಪದ್ಮಕ್ಕನಿಗೆ ಕೇಳಿಸಿರಬೇಕು. ಆ ಕಡೆ ಅವ್ವ, ಫೋನಿನಲ್ಲಿ ಕೇಳಿದ್ದೇ ತಡ, ಆಗಲೇ ಓಣಿಯಿಡೀ ಹೇಳಿಕೊಂಡು ಬಂದಿದ್ದಳು, ನಮ್ಮ ಕೋಣೆಗೆ ಸುಣ್ಣವನ್ನೂ ಹೊಡೆಸಿದ್ದಳು. ನನ್ನನ್ನು ಬಿಟ್ಟು ಬೇರೊಬ್ಬರನ್ನು ನೋಡುತ್ತೇನೆ ಎಂದು ಸುಂದರಿ ಅಷ್ಟು ಸಲೀಸಾಗಿ ಹೇಳಿಬಿಟ್ಟಿದ್ದರು. ಆಟೋದೊಳಗಿನಿಂದ ಬಾಬು ಕತ್ತು ಚಾಚಿ ನನ್ನನ್ನೇ ನೋಡುತ್ತಿದ್ದರು.

"ಯಾರನ್ನೂ ನೋಡಬೇಡಿ" ಎಂದೆ.

ಹೇಳಿಯಾಗಿತ್ತು. ಸುಂದರಿ ತಲೆಯಾಡಿಸಿ ಆಟೋ ಹತ್ತಿದರು. ಒಳಗೆ ಮೇಜಿನ ಮೇಲೆ ಫೋನು ಬಡಿದುಕೊಳ್ಳುತ್ತಿತ್ತು, ಆ ಹೊತ್ತಿಗೆ ಮಾಡುವವಳು ಅವ್ವನೇ. ಎತ್ತುವ ಧೈರ್ಯವಾಗದೆ ಅದು ನಿಲ್ಲುವವರೆಗೂ ಅಂಗಳದಲ್ಲೇ ನಿಂತೆ.