ನಿಧಾನ ಮೇಡಂ ಕೂರುವ ಕಡೆ

ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧದಷ್ಟು ಜನ ನಿಧಾನ ಮೇಡಂ ಹತ್ತಿರ ಕಲಿತವರು. ಆ ಹೆಸರನ್ನು ಯಾರು ಇಟ್ಟರೋ ಗೊತ್ತಿಲ್ಲ. ಪಾಠ ಹೇಳುವಾಗ ಅವರ ಬಾಯಿಂದ ಬರುತ್ತಿದ್ದದ್ದು ಹೆಚ್ಚುಕಡಿಮೆ ಅದೊಂದೇ ಮಾತಾದ್ದರಿಂದ, ಅದೇ ಅವರಿಗೆ ಅಂಟಿಕೊಂಡಿತು.

ಅವರು ಮೊದಲು ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಫೋನ್ ಎತ್ತುವ, ರಸೀದಿ ಬರೆಯುವ ಕೆಲಸದಲ್ಲಿದ್ದರು. ಮಾಲೀಕ ಒಂದು ದಿನ ಸ್ಕೂಲಿಗೆ ಬೀಗ ಜಡಿದು, ಬಾಕಿ ಸಂಬಳಕ್ಕೆ ಬದಲಾಗಿ ಕಾರಿನ ಕೀಲಿಯನ್ನು ಅವರ ಕೈಗಿಟ್ಟು ಹೊರಟುಹೋದ. ಆಗ ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಗಂಡ ತೀರಿಕೊಂಡು ವರ್ಷವಾಗಿತ್ತು, ಕಂಕುಳಲ್ಲಿ ಮಗು. ಮಾರಿಬಿಡು, ಒಂದಷ್ಟು ದಿನ ಮನೆ ನಡೆಯುತ್ತದೆ ಎಂದರು ಕಂಡವರೆಲ್ಲ. ಅವರು ಮಾರಲಿಲ್ಲ. ಮಾರುಕಟ್ಟೆಯ ಹಿಂದಿನ ಖಾಲಿ ಬಯಲಿನಲ್ಲಿ ತಾವೇ ಕಲಿತು, ಪರೀಕ್ಷೆ ಕಟ್ಟಿ, ಎರಡು ಸಲ ನಪಾಸಾಗಿ, ಮೂರನೆಯ ಸಲ ಪಾಸಾಗಿ, ಕಾರಿನ ನೆತ್ತಿಗೆ ತಮ್ಮದೇ ಬೋರ್ಡು ಹಾಕಿಕೊಂಡರು.

ಕಲಿಸುವವರು ಕೂರುವ ಕಡೆಯಲ್ಲೂ ಆ ಕಾರಿಗೆ ಒಂದು ಬ್ರೇಕ್ ಪೆಡಲ್ ಇತ್ತು. ಮೇಡಂ ಅಲ್ಲಿ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಎದುರಿಗೆ ಲಾರಿ ಬರುತ್ತಿದ್ದರೂ ಅವರ ದನಿ ಏರುತ್ತಿರಲಿಲ್ಲ. "ಈ ಅಂಗಡಿಯವನು ಟೊಮೇಟೊಗೆ ಎಷ್ಟು ಹೇಳ್ತಿದಾನೆ ನೋಡಿ... ನಿಧಾನ... ಹಾಂ, ಹಾಗೇ." ಅಂಥ ಧೈರ್ಯದವರ ಪಕ್ಕ ಕೂತಾಗ ಕಲಿಯುವವರಿಗೂ ಧೈರ್ಯ ಬರುತ್ತಿತ್ತು. ನಿವೃತ್ತ ನ್ಯಾಯಾಧೀಶರೊಬ್ಬರು ಮೊದಲ ದಿನ ಸ್ಟೇರಿಂಗ್ ಹಿಡಿದು ಅತ್ತುಬಿಟ್ಟಿದ್ದರು. ಅದೇ ತಿಂಗಳ ಕೊನೆಗೆ ಹೆಂಡತಿಯನ್ನು ಕೂರಿಸಿಕೊಂಡು ಊರೆಲ್ಲ ಸುತ್ತಿಸಿದರು.

ಮಗಳು ಬೆಳೆದದ್ದು, ಓದಿದ್ದು, ಔಷಧಿಗಳ ಸಗಟು ಅಂಗಡಿಯಲ್ಲಿ ಲೆಕ್ಕ ನೋಡುವ ಕೆಲಸಕ್ಕೆ ಸೇರಿದ್ದು ಎಲ್ಲ ಆ ಕಾರಿನ ದುಡಿಮೆಯಿಂದಲೇ. ಆದರೂ ಈ ಸಲ ಅವಳು ಹಠ ಹಿಡಿದಿದ್ದಳು. ಕಾರು ಸಾರಿಗೆ ಕಚೇರಿಯ ತಪಾಸಣೆಯಲ್ಲಿ ನಪಾಸಾಗಿತ್ತು. ಎಂಜಿನ್, ವೈರಿಂಗ್, ಮೈ, ತಳ, ಎಲ್ಲ ಹೊಸದಾಗಬೇಕು. ಅದಕ್ಕೆ ತಗಲುವ ಹಣ ಮಗಳ ಒಂದು ವರ್ಷದ ಸಂಬಳ. ಅಮ್ಮ ಸಹಕಾರ ಸಂಘದಿಂದ ಸಾಲದ ಅರ್ಜಿ ತಂದಿದ್ದರು. ಜಾಮೀನಿಗೆ ಮಗಳ ಸಹಿ ಬೇಕಿತ್ತು.

"ಅಮ್ಮ, ಅದು ಕಾರಲ್ಲ, ಆಮೆ. ಆಮೆಗೆ ಯಾರಾದ್ರೂ ಸಾಲ ಮಾಡಿ ಚಿಪ್ಪು ಹಾಕಿಸ್ತಾರಾ?"

"ನಿನ್ನ ಫೀಸು ಕಟ್ಟಿದ್ದು ಆ ಆಮೇನೇ ಕಣೇ."

"ಅದಕ್ಕೆ ಬೇಕಾದ್ರೆ ದಿನಾ ಕೈ ಮುಗೀತೀನಿ. ಸಹಿ ಮಾತ್ರ ಹಾಕಲ್ಲ. ಇದರ ಅರ್ಧ ದುಡ್ಡಿಗೆ ಒಳ್ಳೇ ಸೆಕೆಂಡ್‌ಹ್ಯಾಂಡ್ ಕಾರು ಬರುತ್ತೆ."

"ಬರುತ್ತೆ. ಪರಿಚಯ ಇಲ್ಲದ ಕಾರು ಬರುತ್ತೆ."

ಮಗಳು ಸೋಲಲಿಲ್ಲ. ಕೊನೆಗೆ ಭಾನುವಾರ ಬೆಳಿಗ್ಗೆ ಇಬ್ಬರೂ ಟಿಂಕರ್ ಮೇಸ್ತ್ರಿಯ ಶೆಡ್ಡಿಗೆ ಹೋದರು. ತಗ್ಗಿದ ತಗಡನ್ನು ತಟ್ಟಿ ತಟ್ಟಿ ಮೊದಲಿನಂತೆ ಮಾಡುವುದು ಆತನ ಕಸುಬು. ರಿಪೇರಿಯ ಲೆಕ್ಕ ಹಾಕಲೆಂದು ಕಾರನ್ನು ಪೂರ್ತಿ ಬಿಚ್ಚಿಟ್ಟಿದ್ದ. ಮಗಳು ಬಂದದ್ದು ಆ ಲೆಕ್ಕದಲ್ಲಿ ತಪ್ಪು ಹುಡುಕಲು.

ಶೆಡ್ಡಿನ ಬಾಗಿಲಲ್ಲೇ ಅವಳ ಕಾಲು ನಿಂತಿತು. ಬಾಗಿಲುಗಳಿಲ್ಲ, ಸೀಟುಗಳಿಲ್ಲ, ಗಾಜುಗಳಿಲ್ಲ. ಬಣ್ಣವೆಲ್ಲ ಹೆರೆದುಹೋಗಿ ಬರಿಯ ಉಕ್ಕು ಬೂದು ಬೆಳಕಿನಲ್ಲಿ ನಿಂತಿತ್ತು. ಬಣ್ಣ ಇರುವವರೆಗೆ ನುಣುಪಾಗಿ ಕಂಡಿದ್ದ ಮೈಯಲ್ಲಿ ಈಗ ನೋಡಿದಲ್ಲೆಲ್ಲ ಸುತ್ತಿಗೆಯ ಗುರುತು. ಸಿಡುಬು ಎದ್ದು ವಾಸಿಯಾದ ಮುಖದ ಹಾಗೆ.

"ಎಲ್ಲಾ ನಾನೇ ಎತ್ತಿರೋ ಡೆಂಟುಗಳು," ಎಂದ ಮೇಸ್ತ್ರಿ. "ಅಕ್ಕ ಎಷ್ಟು ಸಲ ತಂದಿದಾರೋ, ನಾನೂ ಮರೆತಿದ್ದೆ."

ಅಮ್ಮ ಮರೆತಿರಲಿಲ್ಲ. ಕಾರಿನ ಸುತ್ತ ನಡೆಯುತ್ತ ಒಂದೊಂದನ್ನೇ ಮುಟ್ಟಿದರು. "ಇದು ನರ್ಸಮ್ಮ, ಆಸ್ಪತ್ರೆ ಗೇಟು. ಇದು ಬ್ರೆಡ್ ವ್ಯಾನಿನವನು, ಈಗ ದೊಡ್ಡ ಲಾರಿ ಓಡಿಸ್ತಾನೆ. ಇದು ನೀನು."

"ನಾನಾ? ನಾನೆಲ್ಲೂ ಗುದ್ದಿಲ್ಲಪ್ಪ!"

"ಕಸದ ತೊಟ್ಟಿಗೆ. ನೀನು ಕಣ್ಣು ಮುಚ್ಚಿಕೊಂಡಿದ್ದೆ, ನಿನಗೆಲ್ಲಿ ಗೊತ್ತಾಗಬೇಕು!"

ಮೇಸ್ತ್ರಿ ಹೊಟ್ಟೆ ಹಿಡಿದು ನಕ್ಕ. ಮಗಳಿಗೂ ನಗು ಬಂತು. ಎಷ್ಟು ಜನರ ಮೊದಲ ತಪ್ಪುಗಳು ಒಂದೇ ಮೈಮೇಲೆ! ಅವರಲ್ಲಿ ಒಬ್ಬರಿಗೂ ಗಾಯವಾಗಿರಲಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅದು ಅದೃಷ್ಟವೆಂದೇ ಅವಳು ತಿಳಿದಳು.

ಮೇಸ್ತ್ರಿಯ ನಗು ನಿಂತಿತು. "ಅಕ್ಕ, ಒಳಗೊಂದು ತೋರಿಸಬೇಕಿತ್ತು," ಎಂದು ಟಾರ್ಚು ಹಿಡಿದು ಬಗ್ಗಿದ. ಕಾರಿನ ನೆಲದ ಮ್ಯಾಟುಗಳು ಈಗ ಇರಲಿಲ್ಲ. ಡ್ರೈವರ್ ಕೂರುವ ಕಡೆಯ ತಗಡು ಹಳೆಯದಾದರೂ ಗಟ್ಟಿಯಾಗಿತ್ತು. ಬೆಳಕು ಇನ್ನೊಂದು ಕಡೆಗೆ, ಕಲಿಸುವವರ ಕಡೆಗೆ ಸರಿಯಿತು. ಅಲ್ಲಿ, ಪೆಡಲಿನ ಕೆಳಗೆ, ಹಿಮ್ಮಡಿ ಊರುವ ಜಾಗದಲ್ಲಿ, ಉಕ್ಕು ತಗ್ಗಿತ್ತು. ತಲೆಮಾರುಗಳು ಹತ್ತಿಳಿದ ಕಲ್ಲು ಮೆಟ್ಟಿಲು ಸವೆಯುತ್ತದಲ್ಲ, ಹಾಗೆ. ಪೆಡಲಿನ ಬುಡದಿಂದ ಹೊರಟ ಕೂದಲೆಳೆಯಂಥ ಬಿರುಕು ಕಾರಿನ ಭಾರ ಹೊರುವ ಕೆಳಗಿನ ಅಡ್ಡಪಟ್ಟಿಯವರೆಗೂ ಇಳಿದಿತ್ತು.

"ತುಕ್ಕಲ್ಲ ಇದು," ಎಂದ ಮೇಸ್ತ್ರಿ ಮೆಲ್ಲಗೆ. "ಕೆರೆದು ನೋಡಿದೆ. ತುಳಿದು ತುಳಿದು ಆಗಿರೋದು. ಎಲ್ಲ ಕಾರಲ್ಲೂ ಸವೆಯೋದು ಡ್ರೈವರ್ ಕಡೆ. ನಾನು ಇಂಥದ್ದು ಕಂಡೇ ಇಲ್ಲ."

ಮಗಳು ಮಂಡಿಯೂರಿ ಆ ತಗ್ಗಿನಲ್ಲಿ ಅಂಗೈ ಇಟ್ಟಳು. ಉಕ್ಕು ತಣ್ಣಗೆ, ನುಣ್ಣಗೆ, ಅವಳ ಅಂಗೈಗೆ ಸರಿಯಾಗಿ ಕೂತಿತು. ಕಿಟಕಿಯಾಚೆ ನೋಡುತ್ತ ಟೊಮೇಟೊ ಬೆಲೆ ಹೇಳುತ್ತಿದ್ದ ಆ ಮುಖ, ಮಡಿಲಲ್ಲಿ ಮಲಗಿದಂತಿದ್ದ ಆ ಕೈಗಳು. ಮತ್ತು ಕೆಳಗೆ, ಯಾರ ಕಣ್ಣಿಗೂ ಬೀಳದ ಕಡೆ, ಉಕ್ಕನ್ನು ಸವೆಸುತ್ತಿದ್ದ ಈ ಕಾಲು. ತಾನು ಕಣ್ಣು ಮುಚ್ಚಿಕೊಂಡ ದಿನವೂ ಅದು ಇಲ್ಲೇ ಇತ್ತು.

"ಅಮ್ಮ... ನಿಂಗೆ ಹೆದರಿಕೆ ಆಗ್ತಿತ್ತಾ?"

"ಆಗ್ದೆ ಇರುತ್ತಾ?" ಅಮ್ಮ ಸೆರಗಿನಿಂದ ಕೈಗೆ ಅಂಟಿದ ಮಸಿ ಒರೆಸಿಕೊಳ್ಳುತ್ತಿದ್ದರು. "ದಿನಾ ಆಗ್ತಿತ್ತು. ಬೆಳಿಗ್ಗೆ ಕೀಲಿ ತಗೊಳ್ಳೋವಾಗ್ಲೇ ಶುರು. ಆದ್ರೆ ಮುಖದಲ್ಲಿ ತೋರಿಸಿದ್ರೆ ಅವರು ಸ್ಟೇರಿಂಗೇ ಬಿಟ್ಟುಬಿಡ್ತಾರೆ. ಅದಕ್ಕೇ ಎಲ್ಲಾನೂ ಕಾಲಿಗೆ ಕಳಿಸಿಬಿಡ್ತಿದ್ದೆ."

ತನ್ನ ಮನೆಯಲ್ಲೇ, ಪಕ್ಕದ ಹಾಸಿಗೆಯಲ್ಲೇ ಇಷ್ಟು ವರ್ಷ ಮಲಗಿ ಎದ್ದವಳು ಯಾರೆಂದು ಮಗಳಿಗೆ ಈಗಷ್ಟೇ ಕಂಡಂತಾಯಿತು. ಇಂಥವಳ ಕಾರಿಗೆ ಸಹಿ ಹಾಕದಿದ್ದರೆ ಇನ್ನಾವುದಕ್ಕೆ? ಸಾಲ ಎಷ್ಟಾದರೂ ಆಗಲಿ ಎಂದು ಅವಳು ಬಾಯಿ ತೆರೆಯುವುದರೊಳಗೆ ಅಮ್ಮ ಬೇರೆಯೇ ಪ್ರಶ್ನೆ ಕೇಳಿದರು.

"ಮೇಸ್ತ್ರಿ, ನೀನು ಬೆಸುಗೆ ಹಾಕ್ತೀಯ, ಪಟ್ಟಿ ಬದಲಾಯಿಸ್ತೀಯ. ಆಮೇಲೆ ನಿನ್ನ ಮಗಳನ್ನ ಇದರಲ್ಲಿ ಕಲಿಯೋಕೆ ಕಳಿಸ್ತೀಯಾ?"

ಮೇಸ್ತ್ರಿ ತಲೆ ಕೆರೆದುಕೊಂಡ. ಈ ರಿಪೇರಿ ಅವನಿಗೆ ವರ್ಷದಲ್ಲೇ ದೊಡ್ಡ ಕೆಲಸ. ಟಾರ್ಚು ಆರಿಸಿದ, ಮತ್ತೆ ಹಚ್ಚಿದ. "ಓಡಾಡೋಕೆ ಕಳಿಸ್ತೀನಿ ಅಕ್ಕ. ಕಲಿಯೋಕೆ... ನೀವು ಮತ್ತೆ ಹಂಗೇ ತುಳಿತೀರಲ್ಲ. ಹಳೇ ಉಕ್ಕು, ಪಕ್ಕದಲ್ಲೇ ಇನ್ನೊಂದು ಕಡೆ ಬಿರುಕು ಬಿಡಬಹುದು. ನಾನು ಮಾತು ಕೊಡಲ್ಲ."

"ಸರಿ," ಎಂದರು ಅಮ್ಮ. ಬಾಗಿಲಿಲ್ಲದ ಕಾರಿನ ಚೌಕಟ್ಟಿನ ಮೇಲೆ ಕೈಯಿಟ್ಟರು. "ಹಳೇ ಕಾರು ಕೂಡಿಡೋ ಹುಚ್ಚಿರೋ ಆ ಹಲ್ಲಿನ ಡಾಕ್ಟರು ಎರಡು ಸಲ ಕೇಳಿದ್ರು. ಅವರಿಗೇ ಕೊಡೋಣ. ಅವರು ಭಾನುವಾರ ಬಿಟ್ಟು ಬೇರೆ ದಿನ ಕಾರು ಮುಟ್ಟಲ್ಲ. ರಿಪೇರಿ ನಿನಗೇ ಕೊಡಬೇಕು ಅಂತ ಹೇಳಿಯೇ ಕೊಡ್ತೀನಿ, ಮುಖ ಸಣ್ಣ ಮಾಡ್ಕೋಬೇಡ."

"ಅವರು ಹಲ್ಲು ಕೀಳೋ ಹಂಗೆ ರೇಟು ಕೀಳ್ತಾರೆ ಅಕ್ಕ," ಎಂದ ಮೇಸ್ತ್ರಿ, ಆದರೆ ಮುಖ ಅರಳಿತ್ತು.

ಮಗಳು ಇನ್ನೂ ನೆಲದ ಮೇಲೇ ಕೂತಿದ್ದಳು. "ಅಮ್ಮ, ನಿಂಗಿದು ಬೇಕೇ ಬೇಕು ಅಂದ್ರೆ ನಾನು ಸಹಿ ಹಾಕ್ತೀನಿ. ಕಲಿಸೋಕೆ ಆಗದಿದ್ರೂ ಮನೆ ಮುಂದೆ ನಿಂತಿರಲಿ."

"ಮನೆ ಮುಂದೆ ನಿಲ್ಸೋಕೆ ಸಾಲ ಮಾಡ್ತಾರೇನೇ, ದಡ್ಡಿ?" ಎಂದರು ಅಮ್ಮ. "ನಾಳೆಯಿಂದ ಕಲಿಯೋಕೆ ಆರು ಜನ ಕಾಯ್ತಾರೆ. ಸಾಲ ಅವರು ಕಲಿಯೋ ಬೇರೆ ಕಾರಿಗೆ."

ಮಗಳು ಎದ್ದು ಅಮ್ಮನ ಚೀಲದಿಂದ ಅರ್ಜಿ ತೆಗೆದಳು. ಬಾನೆಟ್ಟಿನ ಬರಿಯ ಉಕ್ಕಿನ ಮೇಲೆ ಹರಡಿ, ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಜಾಮೀನಿನ ಜಾಗಕ್ಕೆ ಬಗ್ಗಿದಳು. ಸಾಲದ ಮೊತ್ತದ ಎದುರು ಇನ್ನೂ ಏನೂ ಬರೆದಿರಲಿಲ್ಲ.

ಅಮ್ಮ ಅವಳ ಕೈ ಹಿಡಿದರು. "ಖಾಲಿ ಕಾಗದಕ್ಕೆ ಸಹಿ ಹಾಕೋದು ಯಾರು ಕಲಿಸಿದ್ರು ನಿಂಗೆ? ಲೆಕ್ಕ ನೋಡೋಳು ಬೇರೆ! ಮೊದ್ಲು ಕಾರು ನೋಡೋಣ, ಓಡಿಸಿ ನೋಡೋಣ, ಕೆಳಗೆ ಬಗ್ಗಿ ನೋಡೋಣ. ಆಮೇಲೆ ಸಹಿ."

ಮಗಳು ಪೆನ್ನು ಮುಚ್ಚಿದಳು. ಸ್ಟೇಷನ್ ಹತ್ತಿರದ ಕಾರು ಮಾರುವ ಅಂಗಡಿ ಭಾನುವಾರ ಮಧ್ಯಾಹ್ನದವರೆಗೆ ತೆರೆದಿರುತ್ತದೆ ಎಂದು ಮೇಸ್ತ್ರಿ ಹೇಳಿದ. ತಾನೂ ಬರುತ್ತೇನೆಂದು ಟಾರ್ಚನ್ನು ಜೇಬಿಗೆ ಹಾಕಿಕೊಂಡ. ಮೂವರೂ ರಸ್ತೆಗಿಳಿದರು. ಮುಂದೆ ಅಮ್ಮ, ಎರಡು ಹೆಜ್ಜೆ ಹಿಂದೆ, ಅವರ ಚಪ್ಪಲಿಯ ಕಡೆಗೇ ನೋಡುತ್ತ, ಮಗಳು.