ಮೂರು ಕಿಲೋವ್ಯಾಟಿನ ಬಾಣಂತನ

ಕೂಸು ಹೆತ್ತು ಬರಿಗೈಯಲ್ಲಿ ಮನೆಗೆ ಬಂದ ದಿನ, ಮೈಮೇಲೆ ಬೀಳುತ್ತಿದ್ದ ನೀರು ಒಮ್ಮೆ ಸುಟ್ಟಿತು, ಚಟ್ ಎಂದಿತು, ಆಮೇಲೆ ತಣ್ಣಗೆ ಸುರಿಯಿತು. ಬಚ್ಚಲ ತುಂಬ ಸುಟ್ಟ ವಾಸನೆ. ಗೋಡೆಯ ಮೇಲಿನ, ನೀರು ಕಾಯಿಸಿ ಸುರಿಸುವ ಕರೆಂಟ್ ಶವರ್ ಕೆಟ್ಟುಹೋಗಿತ್ತು. ಅಲ್ಲೇ ಕುಕ್ಕರಿಸಿ ಕುಳಿತು ಈ ಊರಿಗೆ, ಸಮುದ್ರಕ್ಕೆ, ನನ್ನ ಹಣೆಬರಹಕ್ಕೆ ಎಲ್ಲಕ್ಕೂ ಸೇರಿಸಿ ಬೈದೆ.

ಗಂಡನಿಗೆ ಕಾರವಾರದಲ್ಲಿ ಕೆಲಸವಾಯಿತೆಂದು ಬಾಗಲಕೋಟೆ ಕಡೆಯಿಂದ ಬಂದು, ಅಂಕೋಲೆಯ ಹಾರವಾಡದಲ್ಲಿ ಬಾಡಿಗೆಗಿದ್ದೇವೆ. ನಮ್ಮ ಕಡೆ ನೀರಿಗೆ ಎಷ್ಟೇ ಬರವಿದ್ದರೂ ಬಾಣಂತಿಗೆ ಹಂಡೆಗಟ್ಟಲೆ ಕಾಯಿಸಿ, ಬೆನ್ನು ಕೆಂಪಾಗುವಂತೆ ಎರೆಯುವುದು ನಿಮಗೆಲ್ಲ ಗೊತ್ತಿದ್ದದ್ದೇ. ನನಗೆ ಬೇಕಾಗಿದ್ದುದು ಅದೊಂದೇ. ಸೊಂಟ ಕಡಿದು ಬೀಳುವಂತಿತ್ತು. ಫೋನ್ ಮಾಡಿದರೆ ಅತ್ತೆ, "ಕೂಸಿಲ್ಲದ ಬಾಣಂತನಾ ಯಾರ್ ಮಾಡ್ತಾರವ್ವಾ? ಸುಮ್ನ ಮಲಕೋ" ಅಂದರು. ಅವ್ವ ಬರುತ್ತೇನೆ ಎನ್ನಲಿಲ್ಲ, ಬರಿದೇ ಅತ್ತಳು. ಸರಿ, ನನ್ನ ಬಾಣಂತನವನ್ನು ಕರೆಂಟೇ ಮಾಡಲಿ ಅಂದುಕೊಂಡೆ.

ಕಾರವಾರದ ಅಂಗಡಿಯಲ್ಲಿ ಮೂರು, ನಾಲ್ಕೂವರೆ, ಆರು ಕಿಲೋವ್ಯಾಟಿನ ಶವರ್‌ಗಳಿದ್ದವು. ಗಂಡ ಆರಕ್ಕೇ ಕೈ ಹಾಕಿದರು. ಅಂಗಡಿಯವರು ತಲೆ ಅಲ್ಲಾಡಿಸಿದರು.

"ಹಾರವಾಡದ ಹಳೇ ಮನೆ ಅಲ್ದಾ? ಆರು ಹಾಕೂಕೆ ಹೋಗ್ಬೇಡಿ. ವಾಯರು ತಡೂದಿಲ್ಲ, ಬೆಂಕಿ ಹತ್ತೂದು. ಹಿಂದಿಂದು ಎಂತಕ್ಕೆ ಸುಟ್ಟೋಯ್ತು? ನಲ್ಲಿ ಸಣ್ಣ ಬಿಟ್ಟಿದ್ರಾ?"

"ಸಣ್ಣಗ ಬಿಡದ ಮತ್ತೇನ್ರೀ? ನೀರು ಹಾಳು ಮಾಡ್ಬೇಕೇನು?" ಅಂದೆ ನಾನು.

"ಅಯ್ಯೋ, ಇಲ್ಲಿ ನೀರಿಗೆಂತಾ ಬರ!"

ದಾರದಷ್ಟು ನೀರು ಬಿಟ್ಟರೆ ಅದು ಒಳಗೇ ಕುದಿದು ಕಾಯಿಲ್ ಸುಡುತ್ತದಂತೆ. ಹುಟ್ಟಿದಾಗಿನಿಂದ ಟ್ಯಾಂಕರಿನ ಹಿಂದೆ ಓಡಿದ ಕೈಗಳು ನಮ್ಮವು. ಬಾವಿಯಲ್ಲಿ ಕೈಗೆಟುಕುವಂತೆ ನೀರಿರುವ ಊರಿಗೆ ಬಂದರೂ ನಲ್ಲಿ ಪೂರ್ತಿ ತಿರುಗಿಸಲು ಮನಸ್ಸು ಬಂದಿರಲಿಲ್ಲ. ಮೂರರದ್ದನ್ನೇ ತಂದೆವು.

ಹಾಕಿಸಿ, ನಲ್ಲಿ ಪೂರ್ತಿ ಬಿಟ್ಟರೆ ಬಂದದ್ದು ಉಗುರು ಬೆಚ್ಚಗಿನ ನೀರು. ಅಂಕೋಲೆಯ ಪೇಟೆಯಲ್ಲಿ ಮೀನು ಮಾರಿ ಆಗಷ್ಟೇ ಬಂದಿದ್ದ ಮನೆಯೊಡತಿ ಸುಮಿತ್ರಕ್ಕ ಅದರಡಿ ಕೈ ಹಿಡಿದಳು.

"ಇದೆಂತಾ ನೀರು ಮಾರಾಯ್ತಿ! ಮೀನು ತೊಳೂಕೆ ಸಾಕು. ಬಾಳಂತಿಗೆ ಆಗೂದಿಲ್ಲ."

ಬಾಳಂತಿ ಎಂದರೆ ಅವರ ಕೊಂಕಣಿಯಲ್ಲಿ ಬಾಣಂತಿ. ಆ ಮಾತಿನಿಂದ ನನ್ನನ್ನು ಅದುವರೆಗೆ ಯಾರೂ ಕರೆದಿರಲಿಲ್ಲ.

"ಕೂಸ ಇಲ್ಲಲ್ಲಕ್ಕಾ" ಅಂದೆ.

"ಹೆತ್ತಿದ್ದೆ ಅಲ್ದಾ? ಕೂಸು ಉಳೀತೋ ಇಲ್ವೋ, ಅದೆಲ್ಲ ಸೊಂಟಕ್ಕೆ ಗೊತ್ತಾಗ್ತದಾ? ಬಾ, ಕೂತ್ಕೋ."

ತನ್ನ ನ್ಹಾಣಿಗೆ, ಅಂದರೆ ಬಚ್ಚಲಿಗೆ, ಎಳೆದುಕೊಂಡು ಹೋದಳು. ತೆಂಗಿನ ಸಿಪ್ಪೆಯ ಉರಿಯಲ್ಲಿ ಹಂಡೆ ಕುದಿಯುತ್ತಿತ್ತು. ಎಣ್ಣೆ ತಿಕ್ಕಿ, ಹದ ಮಾಡಿ, ತಂಬಿಗೆಯ ಮೇಲೆ ತಂಬಿಗೆ ಬೆನ್ನಿಗೆ ಎರೆದಳು. ಅಯ್ಯೋ, ಎಂಥ ಸುಖ! ಸೊಂಟ ಸಡಿಲವಾಯಿತು. ಅದರ ಹಿಂದೆಯೇ, ಆ ಬಿಸಿಗೆ, ಎದೆಯಲ್ಲಿ ಕಟ್ಟಿಕೊಂಡಿದ್ದ ಹಾಲು ಇಳಿಯಿತು. ಕೈಯಿಂದ ಒತ್ತಿ ಹಿಡಿದರೂ ನಿಲ್ಲಲಿಲ್ಲ. ಹೊಟ್ಟೆಯ ಮೇಲೆ ಹರಿದು, ನೀರಿನೊಂದಿಗೆ ಹೊರಗೆ ತೆಂಗಿನ ಬುಡಕ್ಕೆ ಹೋಯಿತು. ನಾನು ಬಾಯಿ ಬಿಟ್ಟು ಅತ್ತೆ. ಸುಮಿತ್ರಕ್ಕ ನೋಡಿದಳು, ಎರೆಯುವುದನ್ನು ನಿಲ್ಲಿಸಲಿಲ್ಲ.

ಮೊನ್ನೆ ಊಟಕ್ಕೆ ಕುಳಿತಾಗ ಗಂಡ, "ನಮ್ಮ ಕಡೆ ವರ್ಗಾ ಕೇಳೀನಿ. ಸಿಕ್ಕರ ಹೋಗಿಬಿಡೂಣು" ಅಂದರು. ಈ ಉಪ್ಪುಗಾಳಿ, ಮೀನಿನ ವಾಸನೆ ನನಗೆ ಇವತ್ತಿಗೂ ಒಗ್ಗಿಲ್ಲ. ಅವ್ವನ ಒಲೆಯ ಮುಂದೆ ಕುಳಿತು ಬಿಸಿ ರೊಟ್ಟಿ ತಿನ್ನಬೇಕೆಂದು ಜೀವ ಬಡಿದುಕೊಳ್ಳುತ್ತದೆ. ಹೋಗಲೇಬೇಕು. ಆದರೆ ಕೂಸನ್ನು ಮಣ್ಣು ಮಾಡಿದ್ದು ಇಲ್ಲಿ, ಸುಮಿತ್ರಕ್ಕನ ಹಿತ್ತಲಾಚೆಯ ಗಾಳಿಮರಗಳ ಕೆಳಗೆ.

"ಅದನ್ನೊಂದನ್ನ ಇಲ್ಲೇ ಬಿಟ್ಟು ಹ್ಯಾಂಗ ಬರ್ಲಿ?" ಅಂದೆ.

ಅವರು ತಾಟು ಬಿಟ್ಟು ಎದ್ದು, ಗಾಳಿಮರಗಳ ಕಡೆ ನಡೆದರು.